ಗಣಕಯಂತ್ರದ ಭಾಷೆಗಳಲ್ಲಿ ಘೋಷಣೆ ಮತ್ತು ಅನುಮಾನ

ಗಣಕಯಂತ್ರದ ಸ್ಮರಣಕೋಶದಲ್ಲಿ 01000001 ಎಂಬ ಎಂಟು ಅಂಕಿಗಳು ದಾಖಲಾಗಿವೆ ಎಂದು ಭಾವಿಸೋಣ. ಇದರ ಅರ್ಥವೇನು? ದ್ವಿಮಾನ ಪದ್ಧತಿಯ ಸಂಖ್ಯೆಯೆಂದು ಓದಿದರೆ ಇದು 65. ಅಕ್ಷರಗಳಿಗೆ ಸಂಖ್ಯೆಗಳನ್ನು ಗೊತ್ತುಪಡಿಸಿರುವ ಆಸ್ಕಿ ಸಂಕೇತದಂತೆ ಓದಿದರೆ ಇದು ಇಂಗ್ಲಿಷಿನ ದೊಡ್ಡ ‘ಎ’ ಅಕ್ಷರ. ಇವೆರಡರಲ್ಲಿ ಯಾವುದು ಸರಿ ಎಂಬುದನ್ನು ಆ ಅಂಕಿಗಳು ತಾವಾಗಿ ಹೇಳಲಾರವು. ಅಕ್ಷರವನ್ನು ಸಂಖ್ಯೆಯೆಂದು ಭ್ರಮಿಸಿ ಕೂಡಿದರೂ ಯಂತ್ರವು ಒಂದು ಉತ್ತರವನ್ನು ಕೊಟ್ಟೇ ಕೊಡುತ್ತದೆ. ಆ ಉತ್ತರ ಅರ್ಥಹೀನವಾಗಿರುತ್ತದೆ, ಅಷ್ಟೆ.

ಒಂದು ಮೌಲ್ಯವು ಪೂರ್ಣಾಂಕವೇ, ದಶಮಾಂಶ ಸಂಖ್ಯೆಯೇ, ಅಕ್ಷರಗಳ ಸಾಲೇ ಎಂಬ ಈ ಭೇದಕ್ಕೆ ‘ಟೈಪ್’ ಎಂದು ಹೆಸರು. ನಾವು ಅದನ್ನು ‘ಬಗೆ’ ಎಂದು ಕರೆಯೋಣ. ಇದನ್ನು ಕ್ರಮವಿಧಿ, ಎಂದರೆ ಪ್ರೋಗ್ರಾಂ, ನಡೆಯುವ ಕಾಲದಲ್ಲಿ ಪರೀಕ್ಷಿಸುವ ಭಾಷೆಗಳೂ ಉಂಟು. ಮೊದಲೇ ನಿರ್ಧರಿಸಿಕೊಳ್ಳುವ ಭಾಷೆಗಳನ್ನು ಮಾತ್ರ ಇಲ್ಲಿ ಪರಿಶೀಲಿಸೋಣ. ಇವುಗಳಲ್ಲಿ ಬಗೆಯನ್ನು ತಿಳಿಸಬೇಕಾದವರು ಯಾರು? ಬರೆಯುವವನು ಪ್ರತಿಯೊಂದು ಹೆಸರಿಗೂ ಬಗೆಯನ್ನು ಬಾಯಿಬಿಟ್ಟು ಹೇಳಬೇಕೆಂಬುದು ಒಂದು ಪಕ್ಷ; ಇದು ಘೋಷಣೆ. ಕ್ರಮವಿಧಿಯನ್ನು ಯಂತ್ರದ ನುಡಿಗೆ ತಿರುಗಿಸುವ ಕಂಪೈಲರ್ ತಾನೇ ಅದನ್ನು ಕಂಡುಕೊಳ್ಳಲಿ ಎಂಬುದು ಇನ್ನೊಂದು ಪಕ್ಷ, ಇದು ಅನುಮಾನ. ದಿನದ ಮಾತಿನಲ್ಲಿ ಅನುಮಾನವೆಂದರೆ ಸಂದೇಹ. ತರ್ಕಶಾಸ್ತ್ರದಲ್ಲಿ ಹಾಗಲ್ಲ: ಬೆಟ್ಟದ ಮೇಲಣ ಹೊಗೆಯನ್ನು ಕಂಡು ಅಲ್ಲಿ ಬೆಂಕಿಯಿದೆಯೆಂದು ನಿಶ್ಚಯಿಸುವುದೇ ಅನುಮಾನ. ನಮಗೆ ಬೇಕಾದುದು ಈ ಎರಡನೆಯ ಅರ್ಥ.

ಜಾನ್ ಬ್ಯಾಕಸ್‌ರ ನೇತೃತ್ವದಲ್ಲಿ ಐಬಿಎಂ ಸಂಸ್ಥೆಯು 1957ರಲ್ಲಿ ಹೊರತಂದ ಫೋರ್‌ಟ್ರಾನ್ ಭಾಷೆ ಘೋಷಣೆಯ ಶ್ರಮವನ್ನು ತಪ್ಪಿಸಲು ಒಂದು ಸುಲಭೋಪಾಯವನ್ನು ಹಿಡಿಯಿತು. ಹೆಸರಿನ ಮೊದಲ ಅಕ್ಷರ ಐ, ಜೆ, ಕೆ, ಎಲ್, ಎಂ, ಎನ್ ಇವುಗಳಲ್ಲಿ ಒಂದಾಗಿದ್ದರೆ ಅದು ಪೂರ್ಣಾಂಕ. ಇಲ್ಲವಾದರೆ ದಶಮಾಂಶ ಸಂಖ್ಯೆ. ಗಣಿತಜ್ಞರು ಎಣಿಕೆಗೆ ಇದೇ ಅಕ್ಷರಗಳನ್ನು ಬಳಸುವ ವಾಡಿಕೆಯಿದ್ದುದರಿಂದ ಇದು ಅವರಿಗೆ ಸಹಜವಾಗಿಯೇ ತೋರಿತು.

ಆದರೆ ಈ ಸೌಕರ್ಯದೊಳಗೆ ಒಂದು ಅಪಾಯ ಅಡಗಿತ್ತು. ‘ಡೂ 10 ಐ = 1,10’ ಎಂದು ಬರೆದರೆ, 10ನೆಯ ಸಂಖ್ಯೆಯ ಆದೇಶದವರೆಗಿನ ಕೆಲಸವನ್ನು ಐ ಎಂಬುದು 1ರಿಂದ 10ರವರೆಗೆ ಏರುವಂತೆ ಮತ್ತೆ ಮತ್ತೆ ಮಾಡು ಎಂದು ಅರ್ಥ. ಅಲ್ಪವಿರಾಮದ ಸ್ಥಾನದಲ್ಲಿ ಕೈತಪ್ಪಿ ಚುಕ್ಕೆ ಬಿದ್ದಿತೆನ್ನಿ. ಫೋರ್‌ಟ್ರಾನ್ ಪದಗಳ ನಡುವಣ ಬಿಡುವನ್ನು ಲೆಕ್ಕಿಸುತ್ತಿರಲಿಲ್ಲ. ಆದುದರಿಂದ ಅದು ‘ಡೂ10ಐ’ ಎಂಬ ಹೊಸ ಹೆಸರೊಂದನ್ನು ಸೃಷ್ಟಿಸಿಕೊಂಡು, ಮೊದಲ ಅಕ್ಷರ ‘ಡಿ’ ಆದ್ದರಿಂದ ಅದನ್ನು ದಶಮಾಂಶ ಸಂಖ್ಯೆಯೆಂದು ಎಣಿಸಿ, 1.10 ಎಂಬ ಬೆಲೆಯನ್ನು ಅದಕ್ಕೆ ಕೊಟ್ಟು ಸದ್ದಿಲ್ಲದೆ ಮುಂದುವರಿಯುತ್ತಿತ್ತು. ಹತ್ತು ಬಾರಿ ನಡೆಯಬೇಕಾದ ಕೆಲಸ ಒಂದೇ ಬಾರಿ ನಡೆಯುತ್ತಿತ್ತು. ದೋಷವಿದೆಯೆಂಬ ಸೂಚನೆಯೇ ಬರುತ್ತಿರಲಿಲ್ಲ. ಶುಕ್ರಗ್ರಹದತ್ತ ಹೊರಟು 1962ರಲ್ಲಿ ನಾಶವಾದ ಮ್ಯಾರಿನರ್ 1 ನೌಕೆಗೆ ಇಂಥ ಚುಕ್ಕೆಯೇ ಮೃತ್ಯುವಾಯಿತೆಂಬ ಕಥೆ ಬಹಳ ಪ್ರಚಾರದಲ್ಲಿದೆ. ಅದು ನಿಜವಲ್ಲ, ಅಲ್ಲಿನ ದೋಷ ಬೇರೆ. ಆದರೆ ಚುಕ್ಕೆಯ ಅಪಾಯ ಮಾತ್ರ ನಿಜವೇ.

1960ರ ಆಲ್ಗಾಲ್ 60 ಭಾಷೆ ಇದಕ್ಕೆ ವಿರುದ್ಧವಾದ ಮಾರ್ಗವನ್ನು ಹಿಡಿದು, ಪ್ರತಿಯೊಂದು ಚರವನ್ನೂ ಮೊದಲು ಘೋಷಿಸಬೇಕೆಂದು ವಿಧಿಸಿತು. ಘೋಷಣೆಯು ವಾಸ್ತವವಾಗಿ ಎರಡು ಕೆಲಸಗಳನ್ನು ಮಾಡುತ್ತದೆಂಬುದನ್ನು ಇಲ್ಲಿ ಗಮನಿಸಬೇಕು: ‘ಇಂಥ ಹೆಸರೊಂದಿದೆ’ ಎಂದು ಪರಿಚಯಿಸುವುದು ಒಂದು, ‘ಅದರ ಬಗೆ ಇದು’ ಎಂದು ತಿಳಿಸುವುದು ಇನ್ನೊಂದು. ಫೋರ್‌ಟ್ರಾನ್ ಎರಡನ್ನೂ ಕೈಬಿಟ್ಟಿತ್ತು. ಪರಿಚಯವಿಲ್ಲದ ಹೆಸರನ್ನು ತಿರಸ್ಕರಿಸುವ ನಿಯಮವಿದ್ದಿದ್ದರೆ ‘ಡೂ10ಐ’ ಅಲ್ಲಿಯೇ ಸಿಕ್ಕಿಬೀಳುತ್ತಿತ್ತು. ಫೋರ್‌ಟ್ರಾನ್ 90 ಆವೃತ್ತಿಯಲ್ಲಿ ಈ ಊಹೆಯನ್ನು ನಿಷೇಧಿಸುವ ಆದೇಶವೊಂದು ಪ್ರಮಾಣಿತ ಭಾಷೆಗೇ ಸೇರಿತು.

ಹಾಗಾದರೆ ಹೆಸರನ್ನು ಪರಿಚಯಿಸಿ, ಬಗೆಯನ್ನು ಮಾತ್ರ ಹೇಳದೆ ಬಿಡಬಹುದೇ? ಬಿಡಬಹುದೆಂದು ಎಡಿನ್‌ಬರೋ ವಿಶ್ವವಿದ್ಯಾನಿಲಯದ ರಾಬಿನ್ ಮಿಲ್ನರ್ 1970ರ ದಶಕದಲ್ಲಿ ಎಂಎಲ್ ಎಂಬ ಭಾಷೆಯ ಮೂಲಕ ತೋರಿಸಿದರು. ಅದರ ರೀತಿಯನ್ನು ಒಂದು ಉದಾಹರಣೆಯಿಂದ ತಿಳಿಯೋಣ.

ಫ(ಕ) = ಉದ್ದ(ಕ) + 1

‘ಉದ್ದ’ ಎಂಬುದು ಅಕ್ಷರಗಳ ಸಾಲನ್ನು ತೆಗೆದುಕೊಂಡು ಅದರಲ್ಲಿರುವ ಅಕ್ಷರಗಳ ಸಂಖ್ಯೆಯನ್ನು ಪೂರ್ಣಾಂಕವಾಗಿ ಕೊಡುತ್ತದೆ ಎಂದಿರಲಿ. ಕ ಎಂಬುದು ಅದರ ಕೈಗೆ ಹೋಗುತ್ತಿರುವುದರಿಂದ ಕ ಅಕ್ಷರಗಳ ಸಾಲೇ ಆಗಿರಬೇಕು. ಪೂರ್ಣಾಂಕಕ್ಕೆ 1ನ್ನು ಕೂಡಿರುವುದರಿಂದ ಫಲಿತಾಂಶ ಪೂರ್ಣಾಂಕವೇ ಆಗಬೇಕು. ನಾವು ಒಂದು ಬಗೆಯನ್ನೂ ಬರೆಯಲಿಲ್ಲ. ಆದರೂ ಎಲ್ಲವೂ ನಿರ್ಧಾರವಾಯಿತು. ಮುಂದೆ ಯಾರಾದರೂ ಫ(25) ಎಂದು ಬರೆದರೆ ಕಂಪೈಲರ್ ಒಡನೆಯೇ ತಡೆಯುತ್ತದೆ. ಬೀಜಗಣಿತದಲ್ಲಿ ಸಮೀಕರಣಗಳನ್ನು ಬಿಡಿಸಿ ಅವ್ಯಕ್ತವನ್ನು ಕಂಡುಹಿಡಿಯುವಂತೆಯೇ ಇದು. ಫೋರ್‌ಟ್ರಾನಿನದು ಹೆಸರನ್ನು ನೋಡಿ ಮಾಡಿದ ಊಹೆ. ಎಂಎಲ್‌ನದು ಬಳಕೆಯನ್ನು ನೋಡಿ ಮಾಡಿದ ಅನುಮಾನ.

ಇನ್ನೂ ಒಂದು ವಿಶೇಷವಿದೆ. (ಕ, ಖ) ಎಂಬ ಜೋಡಿಯನ್ನು (ಖ, ಕ) ಎಂದು ಅದಲುಬದಲು ಮಾಡುವ ಕ್ರಮದಲ್ಲಿ ಕ, ಖಗಳ ಮೇಲೆ ಯಾವ ನಿರ್ಬಂಧವೂ ಇಲ್ಲ. ಆಗ ಕಂಪೈಲರ್ ‘ಇವು ಯಾವ ಬಗೆಯವಾದರೂ ಆಗಬಹುದು’ ಎಂಬ ಅತ್ಯಂತ ಸಾಮಾನ್ಯವಾದ ಉತ್ತರಕ್ಕೆ ಬರುತ್ತದೆ. ಇದಕ್ಕೆ ಬೇಕಾದ ತತ್ತ್ವವನ್ನು ರೋಜರ್ ಹಿಂಡ್ಲಿ 1969ರಲ್ಲಿ ತರ್ಕಶಾಸ್ತ್ರದ ಕ್ಷೇತ್ರದಲ್ಲಿ ಪ್ರತಿಪಾದಿಸಿದ್ದರು. ಮಿಲ್ನರ್ 1978ರಲ್ಲಿ ಅದನ್ನು ಸ್ವತಂತ್ರವಾಗಿ ಕಂಡುಕೊಂಡು ಪ್ರಕಟಿಸಿದರು.

ಇಷ್ಟಾದರೂ ಘೋಷಣೆ ಅನಾವಶ್ಯಕವಾಗಲಿಲ್ಲ. ಅನುಮಾನವು ಸರಪಳಿಯಂತೆ ಒಂದು ಸಾಲಿನಿಂದ ಇನ್ನೊಂದಕ್ಕೆ ಸಾಗುತ್ತದೆ. ಒಂದೆಡೆ ಮಾಡಿದ ತಪ್ಪು ದೂರದ ಇನ್ನೊಂದು ಸಾಲಿನಲ್ಲಿ ವಿರೋಧವಾಗಿ ತೋರಬಹುದು. ಮೂಲವನ್ನು ಹುಡುಕುವುದು ಕಷ್ಟ. ಮೇಲಾಗಿ, ಕ್ರಮವಿಧಿಯನ್ನು ಓದುವುದು ಯಂತ್ರ ಮಾತ್ರವಲ್ಲ. ನಾಳೆ ಅದನ್ನು ತಿದ್ದಬೇಕಾದ ಮನುಷ್ಯನೂ ಓದಬೇಕು. ಕಂಪೈಲರಿಗೆ ಕ್ಷಣಾರ್ಧದಲ್ಲಿ ತಿಳಿದುದನ್ನು ಅವನು ಪ್ರತಿ ಸಲವೂ ತರ್ಕಿಸಿ ತಿಳಿಯಬೇಕಾಗುತ್ತದೆ.

ಈಚಿನ ಭಾಷೆಗಳು ಈ ಕಾರಣದಿಂದ ಮಧ್ಯಮಮಾರ್ಗವನ್ನು ಹಿಡಿದಿವೆ. 2015ರಲ್ಲಿ ಮೊದಲ ಸ್ಥಿರ ಆವೃತ್ತಿಯನ್ನು ಕಂಡ ರಸ್ಟ್ ಭಾಷೆಯಲ್ಲಿ, ಒಂದು ಫಂಕ್ಷನ್ ಏನನ್ನು ತೆಗೆದುಕೊಂಡು ಏನನ್ನು ಕೊಡುತ್ತದೆಂಬುದನ್ನು ಘೋಷಿಸಲೇಬೇಕು. ಅದರ ಒಳಗಿನ ಚರಗಳ ಬಗೆಯನ್ನು ಸಾಮಾನ್ಯವಾಗಿ ಕಂಪೈಲರಿಗೇ ಬಿಡಬಹುದು. ಜಾವಾ ಭಾಷೆಯೂ 2018ರಲ್ಲಿ ಒಳಗಿನ ಚರಗಳಿಗೆ ಮಾತ್ರ ಇಂಥ ಸ್ವಾತಂತ್ರ್ಯವನ್ನು ಕೊಟ್ಟಿತು. ಒಬ್ಬರು ಬರೆದುದನ್ನು ಇನ್ನೊಬ್ಬರು ಉಪಯೋಗಿಸುವ ಗಡಿಯಲ್ಲಿ ಘೋಷಣೆ, ಗಡಿಯ ಒಳಗೆ ಅನುಮಾನ ಎಂಬುದೇ ಈ ಏರ್ಪಾಡಿನ ಸಾರ. ಕ್ರಮವಿಧಿ ರಚನೆಯನ್ನು ಕಲಿಯುತ್ತಿರುವ ವಿದ್ಯಾರ್ಥಿಗಳು ಬಗೆಯನ್ನು ಬರೆಯಬೇಕೇ ಬೇಡವೇ ಎಂದು ಯೋಚಿಸುವಾಗ, ಯಂತ್ರಕ್ಕೆ ಅದು ತಿಳಿದೀತೇ ಎಂಬುದರ ಜೊತೆಗೆ ಮುಂದೆ ಓದುವವನಿಗೆ ತಿಳಿದೀತೇ ಎಂಬುದನ್ನೂ ಕೇಳಿಕೊಳ್ಳುವುದು ಒಳ್ಳೆಯದು.