ತವರಿಗೆ ಮರಳಿದ ಹಾಡು

ಬರೆದವನು ಬಿಳಿಯ ಹುಡುಗ. ಹಾಡಿದವರು ಕಪ್ಪು ಗಾಯಕರು. ಸಾಲಗಾರ ಯಾರು, ಸಾಹುಕಾರ ಯಾರು?

1963ರ ಅಕ್ಟೋಬರ್ ತಿಂಗಳು. ಅಮೆರಿಕದ ದಕ್ಷಿಣ ಭಾಗದಲ್ಲಿ ಲೂಸಿಯಾನಾ ಅನ್ನೋ ರಾಜ್ಯ, ಅಲ್ಲಿ ಶ್ರೀವ್‌ಪೋರ್ಟ್ ಅನ್ನೋ ಊರು. ಹೋಟೆಲೊಂದರ ಮುಂದೆ ಕಾರು ಬಂದು ನಿಂತಿತು. ಇಳಿದವನು ಸಾಮಾನ್ಯನಲ್ಲ, ಸ್ಯಾಮ್ ಕುಕ್! ಆರು ವರ್ಷದ ಹಿಂದೆ, 1957ರಲ್ಲಿ, ಆತನ 'ಯೂ ಸೆಂಡ್ ಮಿ' ಹಾಡು ಇಡೀ ಅಮೆರಿಕದಲ್ಲಿ ಮೊದಲ ಸ್ಥಾನಕ್ಕೆ ಏರಿತ್ತು. ರೇಷ್ಮೆಯಂಥ ಕಂಠ, ಸಿನಿಮಾ ನಾಯಕನಂಥ ರೂಪು.

ಫೋನ್ ಮಾಡಿ ಮೊದಲೇ ರೂಮು ಕಾದಿರಿಸಿದ್ದ. ಆದರೆ ಕೌಂಟರಿನಲ್ಲಿದ್ದವನು ಮುಖ ನೋಡಿದ. ಕಪ್ಪು ಮುಖ. ರೂಮು ಇಲ್ಲ ಅಂದುಬಿಟ್ಟ!

ಸ್ಯಾಮ್ ಬಿಡಲಿಲ್ಲ, ಜಗಳಕ್ಕೇ ನಿಂತ. ಇಲ್ಲಿ ನಿಂತರೆ ನಿನ್ನನ್ನು ಕೊಂದೇಬಿಡ್ತಾರೆ ಅಂತ ಹೆಂಡತಿ ಬಾರ್ಬರಾ ಬೇಡಿಕೊಂಡಳು. ಕೊನೆಗೆ ಸಿಟ್ಟಿನಲ್ಲಿ ಕಾರಿನ ಹಾರ್ನ್ ಬಾರಿಸುತ್ತಲೇ ಹೊರಟ. ಕಪ್ಪು ಜನರಿಗಾಗಿ ಇದ್ದ ಇನ್ನೊಂದು ವಸತಿಗೃಹಕ್ಕೆ ಹೋದರೆ ಅಲ್ಲಿ ಪೊಲೀಸರು ಹಾಜರ್. ಶಾಂತಿಭಂಗದ ಆರೋಪ, ಬಂಧನ.

ಹಾಡು ಕೇಳೋಕೆ ದುಡ್ಡು ಕೊಡುತ್ತಾರೆ. ಹಾಡುವವನಿಗೆ ಮಲಗೋಕೆ ಜಾಗ ಕೊಡೋದಿಲ್ಲ. ಇದು ಅಂದಿನ ಅಮೆರಿಕ.

ಅದೇ ವರ್ಷ ಸ್ಯಾಮ್ ಕುಕ್ ಒಂದು ಹಾಡು ಕೇಳಿದ್ದ. ಮನುಷ್ಯನನ್ನು ಮನುಷ್ಯ ಅಂತ ಜನ ಒಪ್ಪಿಕೊಳ್ಳೋದು ಯಾವಾಗ ಅಂತ ಕೇಳುವ ಹಾಡು. ಪ್ರಶ್ನೆಯ ಮೇಲೆ ಪ್ರಶ್ನೆ, ಉತ್ತರ ಮಾತ್ರ ಕೈಗೆ ಸಿಗೋದಿಲ್ಲ. ಹೆಸರು 'ಬ್ಲೋಯಿಂಗ್ ಇನ್ ದಿ ವಿಂಡ್'. ಕೇಳಿದ ಸ್ಯಾಮ್‌ಗೆ ಸಂತೋಷದ ಜೊತೆಗೆ ನಾಚಿಕೆಯೂ ಆಯಿತಂತೆ. ಯಾಕೆ ಗೊತ್ತಾ? ಆ ಹಾಡು ಬರೆದವನು ಒಬ್ಬ ಬಿಳಿಯ ಹುಡುಗ! ನಮ್ಮ ಜನರ ನೋವನ್ನು ಇವನು ಬರೆದ, ನಾನು ಯಾಕೆ ಬರೆಯಲಿಲ್ಲ ಅನ್ನೋ ಮುಳ್ಳು ಆತನ ಎದೆಯಲ್ಲಿ ಸಿಕ್ಕಿಕೊಂಡಿತು.

ಮೂಗಿನಲ್ಲಿ ಹಾಡುವ ಹುಡುಗ

ಆ ಹುಡುಗನೇ ಬಾಬ್ ಡಿಲನ್. ಹುಟ್ಟಿದ್ದು 1941ರ ಮೇ 24ರಂದು, ಮಿನೆಸೋಟ ರಾಜ್ಯದಲ್ಲಿ. 1961ರ ಜನವರಿಯ ಚಳಿಯಲ್ಲಿ ಗಿಟಾರ್ ಹಿಡಿದು ನ್ಯೂಯಾರ್ಕಿಗೆ ಬಂದ. 1962ರಲ್ಲಿ ಈ ಹಾಡು ಬರೆದಾಗ 21 ಇನ್ನೂ ತುಂಬಿರಲಿಲ್ಲ. 1963ರಲ್ಲಿ ಪೀಟರ್, ಪಾಲ್ ಅಂಡ್ ಮೇರಿ ಎಂಬ ತಂಡ ಹಾಡಿದಾಗ ಅದು ದೇಶದಲ್ಲಿ ಎರಡನೇ ಸ್ಥಾನಕ್ಕೆ ಹೋಯಿತು. ಆ ವರ್ಷ ಆಗಸ್ಟ್ 28ರಂದು ಮಾರ್ಟಿನ್ ಲೂಥರ್ ಕಿಂಗ್ ವಾಷಿಂಗ್ಟನ್ನಿನಲ್ಲಿ ಭಾಷಣ ಮಾಡಿದರಲ್ಲ, ಅದೇ ವೇದಿಕೆಯಲ್ಲಿ ಆ ತಂಡ ಇದನ್ನು ಹಾಡಿತು. ಡಿಲನ್ ಕೂಡ ಅಂದು ಹಾಡಿದ.

ಡಿಲನ್‌ನ ಕಂಠದ ಬಗ್ಗೆ ಮಾತ್ರ ಜಗಳ ಇಂದಿಗೂ ಮುಗಿದಿಲ್ಲ. ಮೂಗಿನಲ್ಲಿ ಹಾಡುತ್ತಾನೆ, ಮರಳುಕಾಗದ ಉಜ್ಜಿದ ಹಾಗಿದೆ ಅನ್ನೋರು ಬಹಳ. ರೆಕಾರ್ಡು ಕಂಪನಿಯೇ ಜಾಣತನದಿಂದ, ಡಿಲನ್ ಹಾಡನ್ನು ಡಿಲನ್‌ನಂತೆ ಹಾಡೋರು ಯಾರೂ ಇಲ್ಲ ಅನ್ನೋ ಅರ್ಥದ ಜಾಹೀರಾತು ಹಾಕಿತು. ಮಾತು ನಿಜ. ಆದರೆ ಬೇರೆ ತರಹ ಹಾಡೋರು ಇದ್ದರು. ಅವರ ಕಥೆಯೇ ಇದು.

ಸೋಲ್ ಅಂದರೆ ಸೋಲಲ್ಲ!

'ಸೋಲ್' ಅಂದರೆ ಆತ್ಮ. ಕಪ್ಪು ಜನರ ಚರ್ಚುಗಳಲ್ಲಿ ಭಾನುವಾರ ಹಾಡುವ ಗಾಸ್ಪೆಲ್, ಅಂದರೆ ಅವರ ಭಜನೆ. ಒಬ್ಬ ಹೇಳಿದರೆ ನೂರು ಜನ ತಿರುಗಿ ಹೇಳೋದು, ಚಪ್ಪಾಳೆ, ಕಣ್ಣೀರು, ಕೂಗು. ಆ ಭಜನೆಯ ಕಂಠವನ್ನು ಶನಿವಾರ ರಾತ್ರಿಯ ಕುಣಿತದ ತಾಳಕ್ಕೆ ಜೋಡಿಸಿದರೆ ಅದೇ ಸೋಲ್ ಸಂಗೀತ. ಸ್ಯಾಮ್ ಕುಕ್ ಬಂದಿದ್ದೂ ಅಲ್ಲಿಂದಲೇ. 'ಸೋಲ್ ಸ್ಟಿರರ್ಸ್' ಎಂಬ ಗಾಸ್ಪೆಲ್ ತಂಡದ ಕಣ್ಮಣಿ ಆತ. ದೇವರ ಹಾಡು ಬಿಟ್ಟು ಪ್ರೇಮದ ಹಾಡಿಗೆ ಬಂದಾಗ ಹಳೆಯ ಅಭಿಮಾನಿಗಳು ಮುನಿಸಿಕೊಂಡರು.

ಡಿಲನ್‌ನ ಹಾಡನ್ನು ಮೊದಲು ಎತ್ತಿಕೊಂಡ ಕಪ್ಪು ಗಾಯಕರಲ್ಲಿ ಸ್ಟೇಪಲ್ ಸಿಂಗರ್ಸ್ ಎಂಬ ಕುಟುಂಬ ಮುಖ್ಯ. ಅಪ್ಪ ಪಾಪ್ಸ್ ಸ್ಟೇಪಲ್ಸ್ ಗಿಟಾರ್ ಹಿಡಿದರೆ ಮಕ್ಕಳು ಹಾಡೋರು. ಮಕ್ಕಳಲ್ಲಿ ಮೇವಿಸ್ ಸ್ಟೇಪಲ್ಸ್‌ಳದು ಗುಡುಗಿನಂಥ ಕಂಠ. ಆಕೆ ಎಷ್ಟೋ ವರ್ಷಗಳ ನಂತರ ಹೇಳಿಕೊಂಡಳು: ಆ ಹಾಡು ಕೇಳಿದಾಗ ಒಬ್ಬ ಬಿಳಿಯ ಹುಡುಗನಿಗೆ ಇದೆಲ್ಲ ಹೇಗೆ ಗೊತ್ತಾಯಿತು ಅಂತ ಬೆರಗಾಯಿತಂತೆ. ಯಾಕೆಂದರೆ ಅದು ಅವಳಪ್ಪನ ಬದುಕೇ ಆಗಿತ್ತು. ಪಾಪ್ಸ್ 1914ರಲ್ಲಿ ಮಿಸಿಸಿಪಿಯಲ್ಲಿ ಹುಟ್ಟಿ, ಹತ್ತಿ ತೋಟದಲ್ಲಿ ಬೆಳೆದವನು. ಎದುರಿಗೆ ಬಿಳಿಯ ಬಂದರೆ ರಸ್ತೆ ದಾಟಿ ಆಚೆ ಬದಿಗೆ ಹೋಗಬೇಕಾಗಿದ್ದ ಕಾಲ. ಊರು-ಕೇರಿ ನೋಡಿ ಬೆಳೆದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ರಾಗ ಎಲ್ಲಿಂದ ಬಂತು?

ಈಗ ಅಸಲು ಗುಟ್ಟು ಕೇಳಿ. ಬಿಳಿಯ ಹುಡುಗನಿಗೆ ಹೇಗೆ ಗೊತ್ತಾಯಿತು ಅಂತ ಮೇವಿಸ್ ಕೇಳಿದಳಲ್ಲ, ಅರ್ಧ ಉತ್ತರ ಆ ಹಾಡಿನ ರಾಗದಲ್ಲೇ ಇದೆ. ಆ ರಾಗ ಡಿಲನ್‌ನ ಸ್ವಂತದ್ದಲ್ಲ! 'ನೋ ಮೋರ್ ಆಕ್ಷನ್ ಬ್ಲಾಕ್' ಎಂಬ ಹಳೆಯ ಹಾಡಿನಿಂದ ತೆಗೆದುಕೊಂಡೆ ಅಂತ 1978ರಲ್ಲಿ ಆತನೇ ಒಪ್ಪಿಕೊಂಡ. ಆ ಹಾಡು ಯಾರದು? ಗುಲಾಮರದು. ಸಂತೆಯಲ್ಲಿ ದನ ನಿಲ್ಲಿಸಿದ ಹಾಗೆ ಕಪ್ಪು ಜನರನ್ನು ಕಟ್ಟೆಯ ಮೇಲೆ ನಿಲ್ಲಿಸಿ ಹರಾಜು ಹಾಕುತ್ತಿದ್ದರು. ಇನ್ನು ಆ ಕಟ್ಟೆ ನಮಗಿಲ್ಲ ಅಂತ, ಬಿಡುಗಡೆಯ ಆಸೆಯಲ್ಲಿ ಕಟ್ಟಿದ ಹಾಡು ಅದು. ಕಟ್ಟಿದವರ ಹೆಸರು ಯಾವ ಪುಸ್ತಕದಲ್ಲೂ ಇಲ್ಲ.

ಅಂದರೆ ಏನಾಯಿತು? ಗುಲಾಮರ ಮನೆಯ ರಾಗ ಬಿಳಿಯ ಹುಡುಗನ ಕೈಗೆ ಬಂತು. ಆತ ಅದಕ್ಕೆ ಹೊಸ ಮಾತು ತೊಡಿಸಿದ. ಸ್ಟೇಪಲ್ ಸಿಂಗರ್ಸ್ ಅದನ್ನು ಹಾಡಿದಾಗ, ದೂರದ ಊರಿಗೆ ಕೊಟ್ಟ ಮಗಳು ಹೊಸ ಸೀರೆ ಉಟ್ಟು ತವರಿಗೆ ಬಂದ ಹಾಗಾಯಿತು.

ಸ್ಯಾಮ್ ಕೊಟ್ಟ ಉತ್ತರ

ಸ್ಯಾಮ್ ಕುಕ್ ಸುಮ್ಮನೆ ಕೂರಲಿಲ್ಲ. ಶ್ರೀವ್‌ಪೋರ್ಟಿನ ಅವಮಾನ ಒಂದು ಕಡೆ, ಡಿಲನ್ ಹಾಡಿನ ಮುಳ್ಳು ಇನ್ನೊಂದು ಕಡೆ. ಎರಡೂ ಸೇರಿ ಹುಟ್ಟಿದ್ದು 'ಎ ಚೇಂಜ್ ಈಸ್ ಗಾನ್ನ ಕಮ್'. ಬದಲಾವಣೆ ಬಂದೇ ಬರುತ್ತದೆ ಅನ್ನೋ ನಂಬಿಕೆಯ ಹಾಡು. 1964ರ ಜನವರಿಯಲ್ಲಿ ಧ್ವನಿಮುದ್ರಣವಾಯಿತು. ಅದನ್ನು ಕೇಳಿದ ಆತನ ಶಿಷ್ಯ, ಗಿಟಾರ್ ವಾದಕ ಬಾಬಿ ವೊಮ್ಯಾಕ್, ಇದು ಸಾವಿನ ಹಾಗೆ ಕೇಳಿಸುತ್ತದೆ ಅಂದನಂತೆ.

ಆ ವರ್ಷ ಜುಲೈಯಲ್ಲಿ ಸ್ಯಾಮ್ ನ್ಯೂಯಾರ್ಕಿನ ಕೋಪಕಬಾನಾ ಕ್ಲಬ್ಬಿನಲ್ಲಿ ಹಾಡಿದ. ಸಿರಿವಂತ ಬಿಳಿಯರು ಊಟ ಮಾಡುತ್ತ ಹಾಡು ಕೇಳುವ ಜಾಗ. 1958ರಲ್ಲಿ ಅಲ್ಲೇ ಆತ ಮುಗ್ಗರಿಸಿದ್ದ. ಈ ಸಲ ಗೆದ್ದ! ಅವರ ಮುಂದೆ ಹಾಡಿದ ಹಾಡುಗಳಲ್ಲಿ ಒಂದು 'ಬ್ಲೋಯಿಂಗ್ ಇನ್ ದಿ ವಿಂಡ್'. ಅಳುಮುಖದಲ್ಲಲ್ಲ, ಚುರುಕು ತಾಳದಲ್ಲಿ, ನಗುನಗುತ್ತ. ಚಪ್ಪಾಳೆ ತಟ್ಟಿದವರಿಗೆ ಆ ಪ್ರಶ್ನೆ ತಮ್ಮ ಕಡೆಗೇ ತಿರುಗಿದೆ ಅಂತ ಗೊತ್ತಾಯಿತೋ ಇಲ್ಲವೋ!

ಆದರೆ ವಿಧಿ ನೋಡಿ. 1964ರ ಡಿಸೆಂಬರ್ 11. ಲಾಸ್ ಏಂಜಲೀಸಿನ ಒಂದು ಮೋಟೆಲಿನಲ್ಲಿ ಗುಂಡೇಟಿಗೆ ಸ್ಯಾಮ್ ಬಲಿಯಾದ. ವಯಸ್ಸು ಬರೀ 33. ಆತನ ಬದಲಾವಣೆಯ ಹಾಡು ಚಿಕ್ಕ ತಟ್ಟೆಯಾಗಿ ಅಂಗಡಿಗೆ ಬಂದದ್ದು ಅದಾದ 11 ದಿನಕ್ಕೆ!

ಕಣ್ಣಿಲ್ಲದ ಹುಡುಗ ಕಂಡದ್ದು

ಎರಡು ವರ್ಷ ಕಳೆಯಿತು. ಮೋಟೌನ್ ಎಂಬ ಕಪ್ಪು ಜನರ ರೆಕಾರ್ಡು ಕಂಪನಿಯಲ್ಲಿ ಸ್ಟೀವಿ ವಂಡರ್ ಎಂಬ ಹುಡುಗ ಇದ್ದ. ಕಣ್ಣು ಕಾಣದು. ಮೋಟೌನ್‌ನ ಬಂಡವಾಳವೆಲ್ಲ ಪ್ರೇಮಗೀತೆ. ಅಂಥ ಕಡೆ ಈ ಹುಡುಗ ಡಿಲನ್‌ನ ಪ್ರಶ್ನೆಯ ಹಾಡನ್ನೇ ಹಾಡಿದ. ನಿರ್ಮಾಪಕ ಕ್ಲಾರೆನ್ಸ್ ಪಾಲ್ ತಾನೂ ಜೊತೆಗೆ ದನಿ ಕೂಡಿಸಿದ. ಹಿರಿಯ ಹೇಳಿಕೊಟ್ಟ ಹಾಗೆ, ಕಿರಿಯ ಅದನ್ನೇ ಎತ್ತಿ ಆಕಾಶಕ್ಕೆ ಎಸೆದ ಹಾಗೆ. ಥೇಟ್ ಚರ್ಚಿನ ಭಜನೆ! 1966ರಲ್ಲಿ ಆ ಹಾಡು ಕಪ್ಪು ಸಂಗೀತದ ಪಟ್ಟಿಯಲ್ಲಿ ಒಂದನೇ ಸ್ಥಾನ, ಇಡೀ ದೇಶದ ಪಟ್ಟಿಯಲ್ಲಿ ಒಂಬತ್ತನೇ ಸ್ಥಾನ ಪಡೆಯಿತು. ಆಗ ಸ್ಟೀವಿಗೆ 16 ವರ್ಷ.

ನಂತರ ಸಾಲು ಹಿಡಿದು ಬಂದರು. ನಿಜಕ್ಕೂ ಅದಕ್ಕೂ ಮುಂಚೆಯೇ, 1965ರಲ್ಲಿ, ಫಿಲಡೆಲ್ಫಿಯಾದ ಸಾಲೊಮನ್ ಬರ್ಕ್ 'ಮ್ಯಾಗೀಸ್ ಫಾರ್ಮ್' ಹಾಡಿದ್ದ. ಇನ್ನು ಈ ತೋಟದಲ್ಲಿ ದುಡಿಯೋಲ್ಲ ಅನ್ನೋ ಹಾಡು ಅದು. ಡಿಲನ್ ಹಾಡಿದರೆ ಕೀಟಲೆ. ಹತ್ತಿ ಬಿಡಿಸಿದವರ ವಂಶದವನು ಅದನ್ನೇ ಹಾಡಿದರೆ? ಮಾತು ಅದೇ, ತೂಕ ಬೇರೆ.

ನೀನಾ ಸಿಮೋನ್ ಪಿಯಾನೋ ಮುಂದೆ ಕೂತು ಡಿಲನ್‌ನ ಹಾಡುಗಳನ್ನು ಒಂದೊಂದಾಗಿ ಬಿಚ್ಚಿಟ್ಟಳು. 1971ರಲ್ಲಿ ಆಕೆ ಹಾಡಿದ 'ಜಸ್ಟ್ ಲೈಕ್ ಎ ವುಮನ್' ಕೇಳಿ. ಗಂಡಸೊಬ್ಬ ಹೆಣ್ಣಿನ ಬಗ್ಗೆ ಆಡಿದ ಚುಚ್ಚುಮಾತು, ಹೆಣ್ಣೊಬ್ಬಳು ತನ್ನ ನೋವನ್ನೇ ತೋಡಿಕೊಂಡ ಹಾಗೆ ಆಗಿಬಿಡುತ್ತದೆ. ಇದೇ ಹಾಡನ್ನು 1966ರಲ್ಲಿ ಡಿಲನ್ ಸ್ವತಃ ಓಟಿಸ್ ರೆಡಿಂಗ್‌ಗೆ ಕೇಳಿಸಿದ್ದನಂತೆ. ಓಟಿಸ್‌ಗೆ ಮೆಚ್ಚಿಗೆಯಾದರೂ ಮಾತು ಜಾಸ್ತಿ ಅನ್ನಿಸಿತಂತೆ. ಕೊನೆಗೂ ಹಾಡಲಿಲ್ಲ. 1967ರ ಡಿಸೆಂಬರಿನಲ್ಲಿ ವಿಮಾನ ಅಪಘಾತ ಆ ಸಿಂಹಕಂಠವನ್ನು ನುಂಗಿತು.

ಮಾತು ಜಾಸ್ತಿ ಅನ್ನೋದು ಸುಳ್ಳೇನಲ್ಲ. ಡಿಲನ್ ಮಾತಿನ ಮಳೆ ಸುರಿಸುವವನು. ಸೋಲ್ ಗಾಯಕನಿಗೆ ಒಂದೇ ಮಾತು ಸಾಕು, ಅದನ್ನೇ ಹತ್ತು ಸಲ ತಿರುಗಿಸಿ, ಎಳೆದು, ಬಿಕ್ಕಿ, ಕೂಗಿ ಹಾಡುತ್ತಾನೆ. ಆದ್ದರಿಂದ ಅವರು ಹಾಡನ್ನು ಬಗ್ಗಿಸಿಕೊಂಡರು. ಚರಣ ಕತ್ತರಿಸಿದರು, ತಾಳ ನಿಧಾನ ಮಾಡಿದರು, ಹಿಂದೆ ಆರ್ಗನ್ ಕೂಡಿಸಿದರು, ಪಲ್ಲವಿಗೆ ಹೆಣ್ಣುಮಕ್ಕಳ ಮೇಳ ನಿಲ್ಲಿಸಿದರು. ಡಿಲನ್ ಮೂರು ನಿಮಿಷ ಚಿಲ್ಲರೆಯಲ್ಲಿ ಮುಗಿಸಿದ 'ಲೇ ಲೇಡಿ ಲೇ' ಹಾಡನ್ನು 1971ರಲ್ಲಿ ಐಸ್ಲಿ ಬ್ರದರ್ಸ್ ಹತ್ತು ನಿಮಿಷಕ್ಕೂ ಮೀರಿ ಹಾಡಿದರು!

ದುಡ್ಡಿನ ಮಾತು

ಇಷ್ಟೆಲ್ಲ ಹಾಡಿದ್ದಕ್ಕೆ ಡಿಲನ್‌ಗೆ ಏನು ಸಿಕ್ಕಿತು? ಅಮೆರಿಕದ ಕಾನೂನು ಹೀಗಿದೆ: ಒಂದು ಹಾಡು ಒಮ್ಮೆ ರೆಕಾರ್ಡಾಗಿ ಹೊರಗೆ ಬಂದ ಮೇಲೆ, ನಿಗದಿಯಾದ ರಾಯಧನ ಕಟ್ಟಿ ಯಾರು ಬೇಕಾದರೂ ಹಾಡಬಹುದು. ಆ ಕಾಲಕ್ಕೆ ಒಂದು ತಟ್ಟೆಗೆ ಹಾಡೊಂದಕ್ಕೆ ಎರಡು ಸೆಂಟ್. ಬರೆದವನೂ ಪ್ರಕಾಶಕನೂ ಹಂಚಿಕೊಳ್ಳಬೇಕು. ಹನಿಹನಿಗೂಡಿದರೆ ಹಳ್ಳ! 2020ರಲ್ಲಿ ಡಿಲನ್ ತನ್ನ 600ಕ್ಕೂ ಹೆಚ್ಚು ಹಾಡುಗಳ ಹಕ್ಕನ್ನು ಯೂನಿವರ್ಸಲ್ ಕಂಪನಿಗೆ ಮಾರಿದಾಗ ಬೆಲೆ ಕೋಟಿಗಟ್ಟಲೆ ಡಾಲರ್ ಅಂತ ಪತ್ರಿಕೆಗಳು ಬರೆದವು.

ಹರಾಜು ಕಟ್ಟೆಯ ರಾಗ ಕಟ್ಟಿದವರಿಗೆ? ಒಂದು ಸೆಂಟೂ ಇಲ್ಲ. ಅವರಿಗೆ ಹೆಸರೇ ಇಲ್ಲವಲ್ಲ, ಚೆಕ್ಕು ಯಾರ ಹೆಸರಿಗೆ ಬರೆಯೋದು?

ಹಾಗಂತ ಡಿಲನ್ ಕಳ್ಳ ಅನ್ನೋದೂ ನ್ಯಾಯವಲ್ಲ. ತೆಗೆದುಕೊಂಡಿದ್ದನ್ನು ಆತ ಬಚ್ಚಿಡಲಿಲ್ಲ. ಕಪ್ಪು ಸಂಗೀತದ ಮನೆಬಾಗಿಲಿಗೆ ಮತ್ತೆ ಮತ್ತೆ ಹೋದ. ಒಂದು ಕಾಲಕ್ಕೆ ಮೇವಿಸ್ ಸ್ಟೇಪಲ್ಸ್‌ಳನ್ನು ಮದುವೆಯಾಗ್ತೀನಿ ಅಂತ ಕೇಳಿದ್ದ! ಈ ವಿಷಯ ಆಕೆಯೇ ಹೇಳಿಕೊಂಡಿದ್ದಾಳೆ. ಆಕೆ ಒಪ್ಪಲಿಲ್ಲ. ಆದರೆ ಸ್ನೇಹ ಮುರಿಯಲಿಲ್ಲ. 1979ರಲ್ಲಿ ಡಿಲನ್ ಅಲಬಾಮಾದ ಮಸಲ್ ಶೋಲ್ಸಿಗೆ ಹೋಗಿ, ಅರೀತಾ ಫ್ರಾಂಕ್ಲಿನ್‌ಳ ನಿರ್ಮಾಪಕ ಜೆರ್ರಿ ವೆಕ್ಸ್ಲರ್ ಕೈಯಲ್ಲೇ ಭಕ್ತಿಗೀತೆಗಳ ರೆಕಾರ್ಡು ಮಾಡಿಸಿದ. ಆ ಭಕ್ತಿಗೀತೆಗಳನ್ನು 2003ರಲ್ಲಿ ಗಾಸ್ಪೆಲ್ ಗಾಯಕರು ಹಾಡಿ ಆಲ್ಬಂ ತಂದಾಗ, ಅದರಲ್ಲಿ ಒಂದು ಯುಗಳಗೀತೆ ಡಿಲನ್ ಮತ್ತು ಮೇವಿಸ್‌ರದು! 2016ರಲ್ಲಿ, ಆತನಿಗೆ ನೊಬೆಲ್ ಬಂದ ವರ್ಷ, ಇಬ್ಬರೂ ಒಂದೇ ಪ್ರವಾಸದಲ್ಲಿ ಊರೂರು ಸುತ್ತಿ ಹಾಡಿದರು. 2018ರಲ್ಲಿ 72ರ ಬೆಟ್ಟಿ ಲವೆಟ್ ಡಿಲನ್ ಹಾಡುಗಳದ್ದೇ ಒಂದು ಇಡೀ ಆಲ್ಬಂ ಹಾಡಿದಳು. ಮೊದಲ ಹಾಡು ಹಾಡಿದಾಗ ಆಕೆಗೆ 16. ನಡುವೆ ದಶಕಗಟ್ಟಲೆ ಕೇಳೋರಿಲ್ಲದೆ ಕಳೆದ ಕಂಠ ಅದು.

ಕೊನೆಯ ದೃಶ್ಯ

ಸಿನಿಮಾದಲ್ಲಿ ಬರುವಂಥ ಒಂದು ದೃಶ್ಯ ಹೇಳಿ ಮುಗಿಸುತ್ತೇನೆ. ಇದು ಕಥೆಯಲ್ಲ, ನಡೆದದ್ದು.

2004. ನ್ಯೂಯಾರ್ಕಿನ ಹಾರ್ಲೆಮ್. ಕಪ್ಪು ಜನರ ಬಡಾವಣೆ. ಅಲ್ಲಿನ ಅಪೋಲೋ ಥಿಯೇಟರ್ ಅಂದರೆ ಕಪ್ಪು ಕಲಾವಿದರ ಪಾಲಿಗೆ ಗುಡಿ. ಅದಕ್ಕೆ 70 ತುಂಬಿದ ಸಂಭ್ರಮ. ವೇದಿಕೆಗೆ 62 ವರ್ಷದ ಡಿಲನ್ ಬಂದ. ತನ್ನ ಯಾವ ಹಾಡನ್ನು ಹಾಡುತ್ತಾನೆ?

ತನ್ನದನ್ನಲ್ಲ. ಆತ ಹಾಡಿದ್ದು 'ಎ ಚೇಂಜ್ ಈಸ್ ಗಾನ್ನ ಕಮ್'. ಸ್ಯಾಮ್ ಕುಕ್‌ನ ಹಾಡು!

ಕಂಠ ಇನ್ನೂ ಒಡೆದಿತ್ತು, ಸ್ಯಾಮ್‌ನ ರೇಷ್ಮೆ ಅಲ್ಲಿರಲಿಲ್ಲ. ಆದರೇನು? ತನ್ನ ಹಾಡು ಕೇಳಿ ನಾಚಿದವನ ಹಾಡನ್ನು, ಆತ ಸತ್ತು 40 ವರ್ಷ ಆಗುತ್ತ ಬಂದಾಗ, ಆತನ ಜನರ ಮಧ್ಯೆ ನಿಂತು ಡಿಲನ್ ಹಾಡಿದ. ಸಾಲ ತೀರಿತೋ ಇಲ್ಲವೋ ಲೆಕ್ಕ ಬಲ್ಲವರು ಹೇಳಲಿ. ತಾನು ಸಾಲಗಾರ ಅನ್ನೋದು ಆತನಿಗೆ ಗೊತ್ತಿತ್ತು ಅಂತ ನನಗನ್ನಿಸುತ್ತದೆ.

ಎರಡು ಹಾಡೂ ಈಗ ಕೈಯಲ್ಲಿರುವ ಮೊಬೈಲಿನಲ್ಲೇ ಸಿಗುತ್ತವೆ. ಮೊದಲು ಡಿಲನ್‌ನದು, ಆಮೇಲೆ ಸ್ಟೀವಿ ಹಾಡಿದ ಅದೇ ಹಾಡು, ಕೊನೆಗೆ ಸ್ಯಾಮ್‌ನದು. ಈ ಸಾಲಿನಲ್ಲೇ ಕೇಳಿ. ಇಂಗ್ಲಿಷ್ ಅಷ್ಟಕ್ಕಷ್ಟೇ ಅಂತ ಹಿಂಜರಿಯಬೇಡಿ. ಹೋಟೆಲಿನ ಬಾಗಿಲಲ್ಲಿ ನಿಂತು ಇಲ್ಲ ಅನ್ನಿಸಿಕೊಂಡವನ ದನಿ ಯಾವ ಭಾಷೆಯಲ್ಲಿದ್ದರೂ ಅರ್ಥವಾಗುತ್ತದೆ.