ಹಿಂದಿನ ಸಾಲಿನ ಮುಖಗಳು ಮಸುಕಾಗುವುದೇಕೆ?

ಮದುವೆಮನೆಯ ಗ್ರೂಪ್ ಫೋಟೊ ಮತ್ತೊಮ್ಮೆ ತೆಗೆಯುವಂಥದ್ದಲ್ಲ. ಮುಂದೆ ಕುಳಿತ ಹಿರಿಯರು ಸ್ಪಷ್ಟವಾಗಿ ಮೂಡಿ, ಹಿಂದೆ ನಿಂತವರು ಮಸುಕಾಗಿರುವುದು ತಿಳಿಯುವ ವೇಳೆಗೆ ನೆಂಟರೆಲ್ಲ ಬಸ್ಸು ಹತ್ತಿರುತ್ತಾರೆ. ದೂರು ಕ್ಯಾಮೆರಾದ ಮೇಲೆ ಬರುತ್ತದೆ. ಆದರೆ ಅನೇಕ ವೇಳೆ ತಪ್ಪು ಆಗಿರುವುದು ‘ಡೆಪ್ತ್ ಆಫ್ ಫೀಲ್ಡ್’, ಅಂದರೆ ಸ್ಪಷ್ಟತೆಯ ಆಳವನ್ನು ಲೆಕ್ಕಿಸದಿರುವುದರಲ್ಲಿ.

ಮಸೂರವು ಒಂದು ನಿರ್ದಿಷ್ಟ ದೂರಕ್ಕೆ ಮಾತ್ರ ಕರಾರುವಾಕ್ಕಾಗಿ ಫೋಕಸ್ ಆಗುತ್ತದೆ. ಅದರ ಹಿಂದುಮುಂದಿನ ಸ್ವಲ್ಪ ವಲಯವೂ ಕಣ್ಣಿಗೆ ಸ್ಪಷ್ಟವಾಗಿಯೇ ಕಾಣುತ್ತದೆ. ಈ ವಲಯದ ವಿಸ್ತಾರವೇ ಸ್ಪಷ್ಟತೆಯ ಆಳ. ಬೆಳಕು ಒಳಬರುವ ರಂಧ್ರವಾದ ಅಪರ್ಚರ್ ಕಿರಿದಾದಷ್ಟೂ, ಫೋಕಸ್ ಮಾಡಿದ ದೂರ ಹೆಚ್ಚಿದಷ್ಟೂ, ಮಸೂರದ ಸಂಗಮದೂರ ಕಡಿಮೆಯಾದಷ್ಟೂ ಈ ಆಳ ಹೆಚ್ಚುತ್ತದೆ. ಎಫ್ ಸಂಖ್ಯೆ ದೊಡ್ಡದಾದಂತೆ ರಂಧ್ರ ಕಿರಿದಾಗುತ್ತದೆ ಎಂಬುದನ್ನು ಹೊಸಬರು ನೆನಪಿಡಬೇಕು. 50 ಮಿ.ಮೀ. ಮಸೂರದಲ್ಲಿ ಎಫ್/2 ಎಂದರೆ 25 ಮಿ.ಮೀ. ವ್ಯಾಸದ ರಂಧ್ರ, ಎಫ್/8 ಎಂದರೆ ಸುಮಾರು 6 ಮಿ.ಮೀ.

35 ಮಿ.ಮೀ. ಫಿಲಂನ ಚೌಕಟ್ಟಿನಷ್ಟೇ ದೊಡ್ಡ ಸೆನ್ಸರ್ ಉಳ್ಳ ಕ್ಯಾಮೆರಾಕ್ಕೆ ಇದೇ ಮಸೂರ ಜೋಡಿಸಿ, 4 ಮೀಟರ್ ದೂರದ ಮೊದಲ ಸಾಲಿಗೆ ಫೋಕಸ್ ಮಾಡಲಾಗಿದೆ ಎಂದುಕೊಳ್ಳೋಣ. ಎಫ್/2ರಲ್ಲಿ ಸುಮಾರು 3.7ರಿಂದ 4.4 ಮೀಟರ್‌ವರೆಗೆ ಮಾತ್ರ ಸ್ಪಷ್ಟತೆ ಇರುತ್ತದೆ. ಸಾಲುಗಳ ನಡುವೆ 60 ಸೆಂ.ಮೀ. ಅಂತರವಿದ್ದರೆ ಎರಡನೆಯ ಸಾಲು 4.6 ಮೀಟರ್, ಮೂರನೆಯದು 5.2 ಮೀಟರ್ ದೂರದಲ್ಲಿದ್ದು, ಎರಡೂ ಈ ವಲಯದ ಹೊರಗುಳಿಯುತ್ತವೆ. ಎಫ್/8ಕ್ಕೆ ಬದಲಿಸಿದರೆ ವಲಯವು 2.9ರಿಂದ 6.4 ಮೀಟರ್‌ವರೆಗೆ ಹಿಗ್ಗಿ ಮೂರೂ ಸಾಲುಗಳನ್ನು ಒಳಗೊಳ್ಳುತ್ತದೆ. ನಡುವಿನ ಸಾಲಿಗೆ ಫೋಕಸ್ ಮಾಡುವುದು ಇನ್ನೂ ಕ್ಷೇಮ.

ಆದರೆ ಈ ಲಾಭಕ್ಕೆ ಬೆಲೆಯೂ ಇದೆ. ಎಫ್/2ರಿಂದ ಎಫ್/8ಕ್ಕೆ ಬಂದಾಗ ಒಳಬರುವ ಬೆಳಕು ಹದಿನಾರನೆಯ ಒಂದು ಭಾಗಕ್ಕೆ ಇಳಿಯುತ್ತದೆ. ಸೆಕೆಂಡಿನ 1/500 ಇದ್ದ ಶಟರ್ ಅವಧಿ 1/30ಕ್ಕೆ ಏರಬೇಕಾಗುತ್ತದೆ. ಆಗ ಕೈನಡುಕವೂ ಚಿತ್ರವನ್ನು ಕೆಡಿಸೀತು. ಟ್ರೈಪಾಡ್ ಅದನ್ನು ತಡೆಯುತ್ತದೆಯಾದರೂ ತಲೆಯಾಡಿಸುವ ಮಗುವನ್ನು ತಡೆಯಲಾರದು. ಅದಕ್ಕೆ ಐಎಸ್‌ಒ ಹೆಚ್ಚಿಸಬೇಕು ಅಥವಾ ಫ್ಲ್ಯಾಶ್ ಬಳಸಬೇಕು. ಹಾಗೆಂದು ಎಫ್/22ರವರೆಗೆ ಹೋಗುವುದೂ ಸಲ್ಲದು. ಅತಿ ಕಿರಿದಾದ ರಂಧ್ರದಲ್ಲಿ ಬೆಳಕು ವಿವರ್ತನೆಗೊಂಡು ಇಡೀ ಚಿತ್ರದ ಮೊನಚು ಕುಂದುತ್ತದೆ.

ಮೊಬೈಲ್ ಫೋನಿನ ಸೆನ್ಸರ್ ಪುಟ್ಟದು, ಮಸೂರದ ಸಂಗಮದೂರವೂ ಕಡಿಮೆ. ಆದ್ದರಿಂದ ಅದರಲ್ಲಿ ಸ್ಪಷ್ಟತೆಯ ಆಳ ಸಹಜವಾಗಿಯೇ ಹೆಚ್ಚು. ಆದರೆ ‘ಪೋರ್ಟ್ರೇಟ್’ ವಿಧಾನವು ಹಿನ್ನೆಲೆಯನ್ನು ಬಹುಮಟ್ಟಿಗೆ ತಂತ್ರಾಂಶದ ನೆರವಿನಿಂದ ಮಸುಕಾಗಿಸುವುದರಿಂದ ಗುಂಪುಚಿತ್ರಕ್ಕೆ ಅದನ್ನು ಬಳಸದಿರುವುದು ಒಳಿತು.

ಚಿತ್ರ ತೆಗೆದೊಡನೆ ಪರದೆಯ ಮೇಲೆ ಹಿಂದಿನ ಸಾಲಿನ ಮುಖಗಳನ್ನು ಹಿಗ್ಗಿಸಿ ನೋಡಬೇಕು. ತಪ್ಪಿದ್ದರೆ ತಿದ್ದಿಕೊಳ್ಳಲು ಎಲ್ಲರೂ ಇನ್ನೂ ಅಲ್ಲಿಯೇ ಇರುತ್ತಾರೆ.