ಬಸ್ಸಿನ ದಾರಿಯಲ್ಲಿ ಧೋಂಡಿಯನ ಸೀಮೆ

ವಾಟರ್ಲೂ ಎಂದೊಡನೆ ನೆಪೋಲಿಯನ್ನನನ್ನು ಸೋಲಿಸಿದ ವೆಲ್ಲಿಂಗ್ಟನ್ ನೆನಪಾಗುತ್ತಾನೆ. ಆ ಗೆಲುವಿಗೆ ಹದಿನೈದು ವರ್ಷ ಮೊದಲು, ಇನ್ನೂ ಕರ್ನಲ್ ಆರ್ಥರ್ ವೆಲ್ಲೆಸ್ಲಿಯಾಗಿದ್ದಾಗ, ಅವನನ್ನು ತುಂಗಭದ್ರೆಯಿಂದ ಮಲಪ್ರಭೆಯವರೆಗೆ, ಅಲ್ಲಿಂದ ರಾಯಚೂರು ಸೀಮೆಯವರೆಗೆ ಅಲೆದಾಡಿಸಿದವನು ನಮ್ಮ ಚನ್ನಗಿರಿಯಲ್ಲಿ ಹುಟ್ಟಿದ ಧೋಂಡಿಯ ವಾಘ್. ಈ ಸೀಮೆಯ ಯುದ್ಧಚರಿತ್ರೆ ನೋಡಲು ಕಾರು ಬೇಕಿಲ್ಲ. ದಾವಣಗೆರೆಯಲ್ಲಿ ಬಸ್ಸು ಹತ್ತಿದರೆ ಸಾಕು. ಸರ್ಕಾರಿ ಬಸ್ಸು ಸಿಕ್ಕರೆ, 2023ರ ಜೂನ್‌ನಿಂದ ಶಕ್ತಿ ಯೋಜನೆಯಡಿ ಹೆಣ್ಣುಮಕ್ಕಳಿಗೆ ಟಿಕೆಟ್ಟಿನ ಖರ್ಚೂ ಇಲ್ಲ.

ಚನ್ನಗಿರಿಯ ದಾರಿಯಲ್ಲಿ ಮೊದಲು ಇಳಿಯಬೇಕಾದದ್ದು ಸಂತೇಬೆನ್ನೂರಿನಲ್ಲಿ. ಇಂದು ಹೋಬಳಿ ಕೇಂದ್ರವಾಗಿರುವ ಈ ಊರು ಒಂದು ಕಾಲಕ್ಕೆ ಪಾಳೆಯಗಾರರ ರಾಜಧಾನಿ. ಕೆಂಗ ಹನುಮಪ್ಪ ನಾಯಕ ಕಟ್ಟಿಸಿದ ಪುಷ್ಕರಣಿ, ನೀರಿನ ನಡುವಿನ ವಸಂತ ಮಂಟಪ, ದಡದಲ್ಲಿ ಮುಸಾಫಿರ್ ಖಾನೆ ಒಂದೇ ನೋಟಕ್ಕೆ ಸಿಗುತ್ತವೆ. ವಿಜಾಪುರದ ದಂಡನಾಯಕ ರಣದುಲ್ಲಾ ಖಾನ್ ಈ ನಾಡಿನ ಮೇಲೆ ಏರಿಬಂದದ್ದರ ಕುರುಹು ಆ ಮುಸಾಫಿರ್ ಖಾನೆ. ನೆಲೆ ತಪ್ಪಿದ ನಾಯಕರ ಮನೆತನ ಮುಂದೆ ತರೀಕೆರೆಯಲ್ಲಿ ಬೇರೂರಿತು. ಕೊಳದ ಮೆಟ್ಟಿಲ ಮೇಲೆ ಕೂತರೆ ಗೆದ್ದವರದೂ ಸೋತವರದೂ ಕಟ್ಟಡ ಕಣ್ಣೆದುರಿಗೇ ಇರುತ್ತದೆ.

ಅಲ್ಲಿಂದ ಮತ್ತೆ ಬಸ್ಸು ಹತ್ತಿ ಚನ್ನಗಿರಿಗೆ. ಕೆಳದಿಯ ರಾಣಿ ಚನ್ನಮ್ಮಾಜಿಯ ಹೆಸರು ಹೊತ್ತ ಊರಿದು. ಔರಂಗಜೇಬನ ಸೇನೆ ಬೆನ್ನಟ್ಟಿದ್ದಾಗ ಶಿವಾಜಿಯ ಮಗ ರಾಜಾರಾಮನಿಗೆ ಆಸರೆ ಕೊಟ್ಟ ರಾಣಿ ಅವಳು. ಊರಿಗೆ ಅಂಟಿಕೊಂಡೇ ಕೋಟೆಗುಡ್ಡವಿದೆ. ಕಲ್ಲುಗೋಡೆ, ಬುರುಜುಗಳನ್ನು ನೋಡುತ್ತಾ ನಿಧಾನವಾಗಿ ಹತ್ತಿದರೆ ಮೇಲೆ ಬೆಟ್ಟದ ರಂಗನಾಥನ ಗುಡಿ. ದೊಡ್ಡ ಕೋಟೆಗಳ ಅಬ್ಬರ ಇಲ್ಲಿಲ್ಲ. ಆದರೆ ಕೆಳಗೆ ಹರಡಿದ ಅಡಿಕೆ ತೋಟಗಳನ್ನೂ ಅದರಾಚೆಯ ಬಯಲನ್ನೂ ನೋಡುವಾಗ, ಕುದುರೆ ಬಲ್ಲ ಹುಡುಗನೊಬ್ಬನಿಗೆ ಈ ಊರು ಯಾಕೆ ಸಾಲದಾಯಿತು ಎಂಬುದು ಅರ್ಥವಾಗುತ್ತದೆ.

ಮರಾಠಾ ಕುಟುಂಬದ ಧೋಂಡಿಯ ಹೈದರಾಲಿಯ ಸೈನ್ಯ ಸೇರಿದ. ಮೂರನೇ ಮೈಸೂರು ಯುದ್ಧದ ಹೊತ್ತಿಗೆ ಟಿಪ್ಪುವನ್ನು ಬಿಟ್ಟು, ಲಕ್ಷ್ಮೇಶ್ವರದ ಕಡೆ ಹೋಗಿ ತನ್ನದೇ ದಂಡು ಕಟ್ಟಿದ. ಹಾವೇರಿ, ಸವಣೂರು ಸೀಮೆಗಳಲ್ಲಿ ಸೂರೆ ಮಾಡಿದ. ಮರಾಠರು ಅಟ್ಟಿದಾಗ 1794ರಲ್ಲಿ ಮರಳಿ ಟಿಪ್ಪುವಿನ ಬಳಿಗೇ ಬಂದು, ಕೊನೆಗೆ ಶ್ರೀರಂಗಪಟ್ಟಣದಲ್ಲಿ ಸೆರೆಯಾದ. 1799ರ ಮೇ 4ರಂದು ಕೋಟೆ ಬಿದ್ದಿತು, ಟಿಪ್ಪು ಮಡಿದ, ಧೋಂಡಿಯನ ಸಂಕೋಲೆ ಕಳಚಿತು.

ಹೊರಬಂದವನು ಸುಮ್ಮನೆ ಬಾಳಲಿಲ್ಲ. ದೊರೆ ಸತ್ತು ಕೆಲಸ ಕಳೆದುಕೊಂಡಿದ್ದ ಮೈಸೂರಿನ ಸವಾರರನ್ನು ಕಲೆಹಾಕಿಕೊಂಡು ಬಿದನೂರಿನ ಕಡೆ ನುಗ್ಗಿದ. ಉಭಯ ಲೋಕಾಧೀಶ್ವರನೆಂದು ಕರೆದುಕೊಂಡ. ಈಸ್ಟ್ ಇಂಡಿಯಾ ಕಂಪನಿಯ ಸೇನೆ ಡಾಲ್ರಿಂಪಲ್, ಸ್ಟೀವನ್ಸನ್ ಎಂಬ ಇಬ್ಬರ ಕೈಕೆಳಗೆ ಎರಡು ಕಡೆಯಿಂದ ಅಟ್ಟಿತು. ಆಗಸ್ಟ್‌ನಲ್ಲಿ ಶಿಕಾರಿಪುರದ ಕೋಟೆ ಬಿದ್ದರೂ ಇವನು ಹೊಳೆ ದಾಟಿ ಮರಾಠರ ಸೀಮೆಗೆ ಪಾರಾದ. ಮರುವರ್ಷ ಮತ್ತೆ ಬಲಗೊಂಡಾಗ ಮದರಾಸು ಸರ್ಕಾರ ವೆಲ್ಲೆಸ್ಲಿಗೆ ಕೊಟ್ಟ ಆದೇಶ, ಸಿಕ್ಕ ಮೊದಲ ಮರಕ್ಕೇ ಅವನನ್ನು ನೇಣು ಹಾಕಬೇಕೆಂದು. ಬಟೇವಿಯ ದಂಡಯಾತ್ರೆಗೆ ಕರೆ ಬಂದರೂ ವೆಲ್ಲೆಸ್ಲಿ ಅದನ್ನು ಬಿಟ್ಟು ಇವನ ಬೆನ್ನು ಹತ್ತಿದ. 1800ರ ಜೂನ್‌ನಲ್ಲಿ ಹರಿಹರದ ಬಳಿ ತುಂಗಭದ್ರೆ ದಾಟಿದ. ಆ ತಿಂಗಳ ಕೊನೆಯಲ್ಲೇ ಧೋಂಡಿಯ, ತನ್ನನ್ನು ಹಿಂದೊಮ್ಮೆ ಓಡಿಸಿದ್ದ ಮರಾಠಾ ಸರದಾರ ಧೋಂಡೋಪಂತ ಗೋಖಲೆಯನ್ನು ಕಿತ್ತೂರಿನ ಸಮೀಪ ಕೊಂದ.

ರಾಣೆಬೆನ್ನೂರು, ಕುಂದಗೋಳ, ಡಂಬಳದ ಕೋಟೆಗಳು ಒಂದಾದ ಮೇಲೊಂದು ಧೋಂಡಿಯನ ಕೈಬಿಟ್ಟವು. ಮುನವಳ್ಳಿಯ ಬಳಿ ಮಲಪ್ರಭೆಯ ದಡದಲ್ಲಿ ಅವನ ಬಿಡಾರ ಚದುರಿತು. 1800ರ ಸೆಪ್ಟೆಂಬರ್ 10ರಂದು ರಾಯಚೂರು ಸೀಮೆಯ ಕೋಣಗಲ್ಲಿನಲ್ಲಿ ವೆಲ್ಲೆಸ್ಲಿ ನಾಲ್ಕು ಅಶ್ವದಳಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸಿ, ತಾನೇ ಮುಂದೆ ನಿಂತು ನುಗ್ಗಿಸಿದ. ಎದುರಿಗೆ ಸುಮಾರು ಐದು ಸಾವಿರ ಸವಾರರಿದ್ದರು. ಧೋಂಡಿಯ ಕಾದಾಡುತ್ತಲೇ ಸತ್ತ. ಅವನ ಹೆಣವನ್ನು ಫಿರಂಗಿಗೆ ಕಟ್ಟಿ ಬಿಡಾರಕ್ಕೆ ತಂದರು.

ಸಾಮಾನು ಸರಂಜಾಮಿನ ನಡುವೆ ನಾಲ್ಕು ವರ್ಷದ ಹುಡುಗನೊಬ್ಬ ಸಿಕ್ಕಿದ. ಧೋಂಡಿಯನ ಮಗ ಸಲಾಬತ್ ಖಾನ್. ತಂದೆಯನ್ನು ಬೇಟೆಯಾಡಿದ ವೆಲ್ಲೆಸ್ಲಿಯೇ ಮಗುವನ್ನು ಸಾಕಿಸಿದ. ಭಾರತ ಬಿಟ್ಟು ಹೋಗುವಾಗ ಅವನ ಪೋಷಣೆಗೆ ಹಣವಿಟ್ಟು ಹೋದ. ಹುಡುಗ ಬೆಳೆದು ಮೈಸೂರು ಅರಸರ ಸೇವೆ ಸೇರಿ, 1822ರಲ್ಲಿ ಕಾಲರಾದಿಂದ ತೀರಿಕೊಂಡ.

ಚನ್ನಗಿರಿಯಿಂದ ಮುಂದೆ ಹೊನ್ನಾಳಿ. ಧೋಂಡಿಯ ಸತ್ತ ಮೂರು ದಶಕಗಳ ತರುವಾಯ, 1830–31ರ ನಗರ (ಬಿದನೂರು) ದಂಗೆಯಲ್ಲಿ ತುಂಗಭದ್ರೆಯ ದಡದ ಈ ಊರೂ ಕಾಳಗ ಕಂಡಿತು. ಬೂದಿ ಬಸವಪ್ಪ ನಗರದ ಗಾದಿ ತನ್ನದೆಂದ. ಸಂತೇಬೆನ್ನೂರಿನಿಂದ ಹೋದ ತರೀಕೆರೆ ಮನೆತನದ ರಂಗಪ್ಪ ನಾಯಕನೂ ದಂಗೆ ಸೇರಿದ. ಕಂದಾಯದ ಹೊರೆಗೆ ಸಿಡಿದೆದ್ದ ರೈತರನ್ನು ಅಡಗಿಸಿದ ಬ್ರಿಟಿಷರು ಅದೇ ನೆಪದಲ್ಲಿ 1831ರಲ್ಲಿ ಮೈಸೂರಿನ ಆಡಳಿತವನ್ನೇ ಕಿತ್ತುಕೊಂಡರು.

ಪಕ್ಕದ ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪ ಸಂತ ಸೇವಾಲಾಲರ ಜನ್ಮಸ್ಥಳ. ಅಲ್ಲಿ ಕೈಮುಗಿಯುವಾಗ ಬಂಜಾರರನ್ನು ಯುದ್ಧಚರಿತ್ರೆಯ ಜನರೆಂದೂ ನೆನೆಯಬೇಕು. ಅವರ ಎತ್ತುಗಳ ಬೆನ್ನೇರಿ ಬಂದ ಧಾನ್ಯವಿಲ್ಲದೆ ವೆಲ್ಲೆಸ್ಲಿಯ ದಂಡೂ ಮುಂದೆ ಹೆಜ್ಜೆಯಿಡಲಾಗುತ್ತಿರಲಿಲ್ಲ. ಜಗಳೂರಿನ ಕಡೆ ಹೋಗುವವರು ನೆರೆಯ ಉಚ್ಚಂಗಿದುರ್ಗವನ್ನು ಬಿಡಬಾರದು. ಅದು ಉಚ್ಚಂಗಿ ಪಾಂಡ್ಯರ ರಾಜಧಾನಿಯಾಗಿತ್ತು. ಆ ಬೆಟ್ಟ ಗೆದ್ದ ಹೊಯ್ಸಳ ಇಮ್ಮಡಿ ಬಲ್ಲಾಳ ಗಿರಿದುರ್ಗಮಲ್ಲನೆನಿಸಿಕೊಂಡ.

ಧೋಂಡಿಯನನ್ನು ಸ್ವಾತಂತ್ರ್ಯವೀರನೆಂದು ಪೂಜಿಸಬೇಕೆಂದು ನಾನು ಹೇಳುತ್ತಿಲ್ಲ. ಅವನ ದಾಳಿಗೆ ಸಿಕ್ಕ ಹಳ್ಳಿಗಳ ಗೋಳು ಸಣ್ಣದಾಗಿರಲಾರದು. ಆದರೂ ಬಡ ಸಿಪಾಯಿಯಾಗಿ ಹೊರಟು ಕಂಪನಿಯ ನಿದ್ದೆಗೆಡಿಸಿದವನ ಕಥೆ ಅವನ ಊರಿಗೆ ಸೇರಿದ್ದು. ಚನ್ನಗಿರಿ ಬಸ್ ನಿಲ್ದಾಣದಲ್ಲಿ ಸಂತೇಬೆನ್ನೂರು, ಹೊನ್ನಾಳಿ, ಸೂರಗೊಂಡನಕೊಪ್ಪ, ಉಚ್ಚಂಗಿದುರ್ಗಗಳನ್ನು ತೋರಿಸುವ ಒಂದು ನಕಾಶೆ, ಬಸ್ಸಿನ ವೇಳಾಪಟ್ಟಿ, ಕೆಳಗೆ ಅವನ ಬಗ್ಗೆ ನಾಲ್ಕು ಸಾಲು: ಇದಕ್ಕೆ ಹೆಚ್ಚು ದುಡ್ಡು ಬೇಕಿಲ್ಲ. ಪರೀಕ್ಷೆಗೆಂದು ವಾಟರ್ಲೂ ಓದುವ ಇಲ್ಲಿನ ಮಕ್ಕಳು, ಆ ಸೇನಾಪತಿ ಯುದ್ಧ ಕಲಿತದ್ದು ತಮ್ಮೂರವನ ಎದುರಿಗೂ ಹೌದೆಂದು ಅರಿತು ಬೆಳೆದರೆ ಎಷ್ಟು ಚೆನ್ನಾಗಿರುತ್ತಿತ್ತು.